ಗರ್ಭಸ್ಥ ಜೀವ ಮತ್ತು ದಂಡಸಂಹಿತೆ

ಪಂಚಕಲ್ಯಾಣಗಳಲ್ಲಿ ಮೊದಲನೆಯದು ಗರ್ಭಕಲ್ಯಾಣ. ತೀರ್ಥಂಕರನು ಮಾತೆಯ ಉದರದಲ್ಲಿರುವಾಗಲೇ ವಂದ್ಯನೆಂದು ಸಾರುವ ಧರ್ಮವಿದು. ಆದರೆ ಇದೇ ಧರ್ಮದ ಅನುಯಾಯಿಗಳಲ್ಲಿ, 2001ರ ಜನಗಣತಿಯಂತೆ, ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಇದ್ದ ಹೆಣ್ಣುಮಕ್ಕಳು 870 ಮಾತ್ರ. ಆಗ ದೇಶದ ಸರಾಸರಿ 927. 2011ರಲ್ಲಿ ಆ ಸಂಖ್ಯೆ 889ಕ್ಕೆ ಏರಿತಾದರೂ ದೇಶದ ಸರಾಸರಿಯನ್ನು ಮುಟ್ಟಲಿಲ್ಲ.

1971ರ ಗರ್ಭಪಾತ ಕಾಯಿದೆಯೇ ಈ ಅನರ್ಥಕ್ಕೆ ಮೂಲ, ಹಳೆಯ ದಂಡಸಂಹಿತೆಯ ಬಿಗಿಯೇ ಲೇಸಾಗಿತ್ತು ಎಂದು ವಾದಿಸುವವರುಂಟು. ಈ ವಾದ ವಿಚಾರಕ್ಕೆ ನಿಲ್ಲದು. 1971ರ ಕಾಯಿದೆ ಲಿಂಗವನ್ನು ನೋಡಿ ಗರ್ಭ ತೆಗೆಸಲು ಎಂದೂ ಅನುಮತಿ ಕೊಟ್ಟಿಲ್ಲ.

ಇನ್ನು ಹಳೆಯ ಬಿಗಿ ಎಂತಹದು? ಧಾರವಾಡ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದ 1860ರ ಸಂಹಿತೆಯಲ್ಲಿ ಕಲಂ 312 ಇತ್ತು. ತಾಯಿಯ ಪ್ರಾಣರಕ್ಷಣೆಗಲ್ಲದೆ ಗರ್ಭಪಾತ ಮಾಡಿಸಿದರೆ ಮೂರು ವರ್ಷಗಳವರೆಗೆ, ಶಿಶುವಿನ ಚಲನೆ ತಿಳಿದ ಮೇಲಾದರೆ ಏಳು ವರ್ಷಗಳವರೆಗೆ ಸೆರೆ. ತಾನೇ ಗರ್ಭ ಕಳೆದುಕೊಂಡ ಸ್ತ್ರೀಯೂ ಅಪರಾಧಿಯೇ. ಅದೇ ಪ್ರಾಂತದ ಸೂರತ್ತಿನಲ್ಲಿ 1881ರಲ್ಲಿ ವಿಜಯಲಕ್ಷ್ಮಿ ಎಂಬ ವಿಧವೆಗೆ ನವಜಾತ ಶಿಶುವನ್ನು ಕೊಂದುದಕ್ಕಾಗಿ ಮರಣದಂಡನೆ ವಿಧಿಸಲಾಯಿತು. ಅನಂತರ ಅದು ಇಳಿಯಿತು. ಆಕೆಯನ್ನು ಆ ಸ್ಥಿತಿಗೆ ತಂದ ಪುರುಷನು ಕಟಕಟೆಯಲ್ಲಿರಲಿಲ್ಲ. ಮರುವರ್ಷ ತಾರಾಬಾಯಿ ಶಿಂದೆಯವರು ‘ಸ್ತ್ರೀಪುರುಷ ತುಲನಾ’ ಬರೆದದ್ದು ಈ ಅನ್ಯಾಯದಿಂದ ಕೆರಳಿಯೇ. ದಂಡದ ಭಯಕ್ಕೆ ಗರ್ಭಪಾತ ನಿಲ್ಲಲಿಲ್ಲ, ಗುಪ್ತವಾಯಿತು. ಗುಪ್ತವಾದುದರಿಂದ ತಾಯಂದಿರೂ ಸತ್ತರು. 1964ರಲ್ಲಿ ಶಾಂತಿಲಾಲ್ ಶಾ ಸಮಿತಿ ನೇಮಕವಾದದ್ದು ಈ ಹಿನ್ನೆಲೆಯಲ್ಲಿಯೇ.

ಜೈನಾಚಾರದ ದೃಷ್ಟಿ ಇದಕ್ಕಿಂತ ಸೂಕ್ಷ್ಮವಾದುದು. ಕೃತ, ಕಾರಿತ, ಅನುಮೋದನೆ ಎಂಬ ಮೂರರಿಂದಲೂ ಹಿಂಸೆಯ ಬಂಧ ಉಂಟಾಗುತ್ತದೆ. ಮಾಡಿದವಳಷ್ಟೇ ಅಲ್ಲ, ಮಾಡಿಸಿದವರೂ, ಸುಮ್ಮನೆ ಒಪ್ಪಿದವರೂ ಭಾಗಿಗಳು. ಆಶ್ಚರ್ಯವೆಂದರೆ, 1994ರ ಲಿಂಗಪತ್ತೆ ನಿಷೇಧ ಕಾಯಿದೆ ಈ ಮಾತಿನ ಸಮೀಪಕ್ಕೆ ಬಂದಿದೆ. ಪರೀಕ್ಷೆಗೆ ಒಳಗಾದ ಸ್ತ್ರೀಯನ್ನು ಪತಿ ಅಥವಾ ಬಂಧುಗಳೇ ಒತ್ತಾಯಿಸಿದರೆಂದು, ಬೇರೆ ಸಿದ್ಧವಾಗುವ ತನಕ, ಅದು ಭಾವಿಸುತ್ತದೆ. ಆದರೂ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ 312ನೆಯ ಕಲಮನ್ನು 88 ಎಂಬ ಹೊಸ ಅಂಕೆಯಲ್ಲಿ ಉಳಿಸಿಕೊಂಡಿತು.

ಕಾನೂನಿನ ಕೈ ಮನೆಯ ಹೊಸ್ತಿಲಲ್ಲಿ ನಿಲ್ಲುತ್ತದೆ. ನೆರೆಯ ಬೆಳಗಾವಿ ಜಿಲ್ಲೆಯ ಮೂಡಲಗಿಯಲ್ಲಿ 2022ರ ಜೂನ್‌ನಲ್ಲಿ ಏಳು ಭ್ರೂಣಗಳು ಹಳ್ಳದಲ್ಲಿ ಸಿಕ್ಕಾಗ ಕಾಯಿದೆಗೆ ಕೊರತೆ ಇರಲಿಲ್ಲ. ಹೊಸ್ತಿಲಿನ ಒಳಗೆ ಹೋಗಬಲ್ಲುದು ಸಮಾಜದ ಮಾತು. ನೀರು ಸೋಸಿ ಕುಡಿಯುವ, ರಾತ್ರಿಭೋಜನ ತ್ಯಜಿಸಿದ ಮನೆಯಲ್ಲಿ ಹೆಣ್ಣುಗರ್ಭಕ್ಕೆ ಅಭಯವಿಲ್ಲವಾದರೆ ಆ ವ್ರತಗಳಿಗೆ ಅರ್ಥವೇನು?

ಹುಬ್ಬಳ್ಳಿ-ಧಾರವಾಡದ ಬಸದಿಗಳ ಟ್ರಸ್ಟುಗಳಿಗೆ ಕರ್ತವ್ಯ ಸ್ಪಷ್ಟವಿದೆ. ದಶಲಕ್ಷಣ ಪರ್ವದ ಪ್ರವಚನದಲ್ಲಿ ಈ ವಿಷಯ ಬರಲಿ. ವರದಕ್ಷಿಣೆ ಪಡೆದವರಿಗೆ ಅಭಿಷೇಕದ ಮೊದಲ ಕಲಶದ ಸವಾಲು ದೊರೆಯದಿರಲಿ. ಸಂಕಟಕ್ಕೆ ಸಿಕ್ಕ ಸ್ತ್ರೀಗೆ ನಿಂದೆಯಲ್ಲ, ಆಶ್ರಯ ಸಿಗಲಿ. ಅಲ್ಲಿಯವರೆಗೆ ಗರ್ಭಕಲ್ಯಾಣದ ಮೆರವಣಿಗೆ ಬರಿಯ ವಾದ್ಯಘೋಷ.