ಮೂವರು ಮಕ್ಕಳಿಗೆ ಮೂರು ಪೆಟ್ಟಿಗೆ ಬೇಕೆ?

ಬಸವೇಶ್ವರನಗರದಿಂದ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಮೂವರು ಮಕ್ಕಳು. ಹಿರಿಯಳಿಗೆ ಹದಿಮೂರು, ನಡುವಿನವನಿಗೆ ಒಂಬತ್ತು, ಕಿರಿಯಳಿಗೆ ಆರು. ಮೂವರನ್ನೂ ಶಾಲೆ ಬಿಡಿಸಿ ಮನೆಯಲ್ಲೇ ಓದಿಸುವುದೆಂದು ಗಂಡ ಹೆಂಡತಿ ನಿರ್ಧರಿಸಿದ್ದಾರೆ. ವರ್ಷದ ಪಾಠವನ್ನೆಲ್ಲ ತರಗತಿಗೊಂದು ಪೆಟ್ಟಿಗೆಯಂತೆ ತುಂಬಿ ಮಾರುವ ಕಂಪೆನಿಗಳಿವೆಯಲ್ಲ, ಅಂಥ ಮೂರು ಪೆಟ್ಟಿಗೆ ತರಿಸಲೇ ಎಂಬುದು ಅವರ ಪ್ರಶ್ನೆ. ‘ಮೂರಕ್ಕೂ ಕೊಡುವ ದುಡ್ಡಿನಲ್ಲಿ ಶಾಲೆಯ ಫೀಸೇ ಕಟ್ಟಬಹುದಿತ್ತು ಅಂತಾರೆ ನಮ್ಮ ಯಜಮಾನರು’ ಎಂದೂ ಸೇರಿಸಿದ್ದಾರೆ.

ಯಜಮಾನರ ಲೆಕ್ಕ ಸರಿಯಾಗಿಯೇ ಇದೆ. ಆದರೆ ದುಡ್ಡಿಗಿಂತ ದೊಡ್ಡ ತೊಡಕು ಇನ್ನೊಂದಿದೆ. ಮೂರು ಪೆಟ್ಟಿಗೆ ಎಂದರೆ ಮೂರು ವೇಳಾಪಟ್ಟಿ. ಕಲಿಸುವ ತಾಯಿ ಒಬ್ಬರೇ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಕೂತರೂ ಒಂದು ಮಗುವಿನ ಪಾಲಿಗೆ ಬರುವುದು 80 ನಿಮಿಷ. ಅಷ್ಟರಲ್ಲಿ ಐದಾರು ವಿಷಯ ಮುಗಿಸಹೊರಟರೆ ಎರಡೇ ತಿಂಗಳಲ್ಲಿ ಅಮ್ಮನಿಗೂ ಬೇಸರ, ಮಕ್ಕಳಿಗೂ ಬೇಸರ.

ಮೊದಲು ಹಿರಿಯಳ ವಿಚಾರ ನೋಡೋಣ. ಪಠ್ಯಕ್ರಮದ ಆಯ್ಕೆ ಕೊನೆಯ ಪರೀಕ್ಷೆಯಿಂದ ಹಿಂದಕ್ಕೆ ಬರಬೇಕಾದದ್ದು ಅವಳೊಬ್ಬಳಿಗೆ ಮಾತ್ರ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎನ್ನುತ್ತದೆ. ಸೇರಿಸದ ಪಾಲಕರಿಗೆ ಆ ಕಾಯ್ದೆ ಯಾವ ಶಿಕ್ಷೆಯನ್ನೂ ಹೇಳಿಲ್ಲ. ಮನೆಪಾಠಕ್ಕೆಂದು ಪ್ರತ್ಯೇಕ ಮಾನ್ಯತೆಯನ್ನೂ ಕೊಟ್ಟಿಲ್ಲ. ಆದ್ದರಿಂದ ಮುಂದೆ ಕಾಲೇಜಿನ ಬಾಗಿಲಲ್ಲಿ ತೋರಿಸಲು ಹತ್ತನೆಯ ತರಗತಿಯ ಸರ್ಟಿಫಿಕೇಟು ಬೇಕೇ ಬೇಕು.

ಅದಕ್ಕೆ ನಮ್ಮ ಕಡೆ ಮುಖ್ಯವಾಗಿ ಎರಡು ದಾರಿ. ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಬರೆಯುವುದು ಒಂದು. ಅಲ್ಲಿ ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ಎಲ್ಲವೂ ಇರಬೇಕು. ಇನ್ನೊಂದು ಎನ್‌ಐಒಎಸ್, ಅಂದರೆ 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲೆ. ಹತ್ತನೆಯದಕ್ಕೆ ಸೇರಲು 14 ತುಂಬಿರಬೇಕು, ಕನಿಷ್ಠ ಐದು ವಿಷಯ ತೆಗೆದುಕೊಳ್ಳಬೇಕು. ವರ್ಷಕ್ಕೆರಡು ಬಾರಿ ಪರೀಕ್ಷೆ ನಡೆಯುತ್ತದೆ. ಒಮ್ಮೆ ನೋಂದಾಯಿಸಿದರೆ ಐದು ವರ್ಷ ಊರ್ಜಿತ; ಒಂದೆರಡು ವಿಷಯ ಈಗ, ಉಳಿದದ್ದು ಆಮೇಲೆ ಎಂದು ಬಿಡಿಬಿಡಿಯಾಗಿ ಬರೆಯಬಹುದು. ಕನ್ನಡವನ್ನೂ ಒಂದು ಭಾಷಾ ವಿಷಯವಾಗಿ ಆರಿಸಿಕೊಳ್ಳಬಹುದು. ಕೇಂಬ್ರಿಜ್‌ನ ಪರೀಕ್ಷೆಯೂ ಉಂಟು, ಶುಲ್ಕ ಕೇಳಿದರೆ ಸಾಕು!

ಎನ್‌ಐಒಎಸ್‌ನಲ್ಲಿ ಗಣಿತ ಕಡ್ಡಾಯವಲ್ಲ ಎಂದು ತಿಳಿದೊಡನೆ ಕೆಲವು ಮಕ್ಕಳ ಮುಖ ಅರಳುತ್ತದೆ. ಹದಿಮೂರನೆಯ ವಯಸ್ಸಿನಲ್ಲಿ ಗಣಿತ ಬಿಡಲು ಒಪ್ಪಬೇಡಿ. ಪಿಯುಸಿಯಲ್ಲಿ ವಿಜ್ಞಾನವೋ ಡಿಪ್ಲೊಮಾವೋ ಎಂದು ಹುಡುಗಿ ನಾಳೆ ಮನಸ್ಸು ಬದಲಿಸಿದರೆ ಆ ಬಾಗಿಲು ಮುಚ್ಚಿರುತ್ತದೆ. ಎರಡರಲ್ಲಿ ಯಾವ ದಾರಿ ಎಂದು ಈ ವರ್ಷವೇ ತೀರ್ಮಾನಿಸಿ, ಆ ಮಂಡಳಿಯ ಪುಸ್ತಕಗಳನ್ನೇ ತನ್ನಿ. ಅವಳಿಗೆ ಅದೇ ಪಠ್ಯಕ್ರಮ, ಬೇರೆ ಪೆಟ್ಟಿಗೆ ಬೇಡ.

ಇನ್ನುಳಿದ ಇಬ್ಬರಿಗೆ? ಬೇರೆ ಬೇರೆ ವಯಸ್ಸಿನ ಮಕ್ಕಳು, ಒಬ್ಬರೇ ಶಿಕ್ಷಕರು ಎಂಬ ಸಮಸ್ಯೆಯನ್ನು ನಮ್ಮ ನಾಡಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಗಲೇ ಬಿಡಿಸಿದ್ದಾರೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿಬಂದು, ಯುನಿಸೆಫ್‌ನ ನೆರವಿನಿಂದ ‘ನಲಿ-ಕಲಿ’ ಆರಂಭಿಸಿದರು. 2009ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಪಾಠವನ್ನೆಲ್ಲ ಸಣ್ಣ ಸಣ್ಣ ಮೆಟ್ಟಿಲು ಮಾಡಿ ಕಾರ್ಡುಗಳಲ್ಲಿ ಬರೆದು, ವಿಷಯಕ್ಕೊಂದು ‘ಕಲಿಕಾ ಏಣಿ’ಯನ್ನು ಗೋಡೆಗೆ ಹಾಕಿರುತ್ತಾರೆ. ಮಗು ತಾನು ನಿಂತಿರುವ ಮೆಟ್ಟಿಲನ್ನು ತಾನೇ ಹುಡುಕಿ ಕಾರ್ಡು ತೆಗೆದುಕೊಳ್ಳುತ್ತದೆ. ಜ್ವರ ಬಂದು ಹತ್ತು ದಿನ ತಪ್ಪಿಸಿಕೊಂಡರೆ, ಬಿಟ್ಟ ಮೆಟ್ಟಿಲಿನಿಂದಲೇ ಮುಂದಕ್ಕೆ. ಶಿಕ್ಷಕರ ಪೂರ್ತಿ ಸಹಾಯ ಬೇಕಾದವರದು ಒಂದು ‘ತಟ್ಟೆ’, ಗೆಳೆಯರ ಸಹಾಯ ಸಾಕಾದವರದು ಇನ್ನೊಂದು, ತಾವೇ ಕಲಿಯಬಲ್ಲವರದು ಮತ್ತೊಂದು. ಶಿಕ್ಷಕಿ ಕೂರುವುದು ಹೆಚ್ಚಾಗಿ ಮೊದಲ ತಟ್ಟೆಯ ಹತ್ತಿರ.

ಇದನ್ನು ಮನೆಗೆ ತಂದುಕೊಳ್ಳಿ. ಏಣಿ ಬೇಕಾಗುವುದು ಓದು-ಬರಹಕ್ಕೆ ಮತ್ತು ಗಣಿತಕ್ಕೆ. ಕೂಡುವುದು ಬಾರದೆ ಗುಣಿಸುವುದು ಬಾರದು. ಇವೆರಡರಲ್ಲಿ ಮೆಟ್ಟಿಲು ಹಾರುವಂತಿಲ್ಲ, ಪ್ರತಿ ಮಗುವಿಗೂ ಅದರದೇ ಪುಸ್ತಕ ಬೇಕು. ಯಾವ ತರಗತಿಯ ಪುಸ್ತಕ ಎನ್ನುವುದನ್ನು ಮಾತ್ರ ವಯಸ್ಸು ನೋಡಿ ಹೇಳಬೇಡಿ. ನಿಮ್ಮ ಒಂಬತ್ತರ ಹುಡುಗ ಇಂಗ್ಲಿಷ್ ಕಥೆಯನ್ನು ಸರಾಗವಾಗಿ ಓದುತ್ತಾನೆ, ಕನ್ನಡದ ಒತ್ತಕ್ಷರ ಬಂದರೆ ನಿಲ್ಲುತ್ತಾನೆ ಎಂದು ನೀವೇ ಬರೆದಿದ್ದೀರಿ. ವಿಜಯನಗರದಲ್ಲಿ, ರಾಜಾಜಿನಗರದಲ್ಲಿ ಅಂಥ ಮಕ್ಕಳು ಮನೆಗೊಬ್ಬರಿದ್ದಾರೆ. ಅವನಿಗೆ ಇಂಗ್ಲಿಷಿಗೆ ಐದನೆಯ ತರಗತಿಯದು, ಕನ್ನಡಕ್ಕೆ ಎರಡನೆಯದು ಕೊಟ್ಟರೆ ತಪ್ಪೇನು? ಪೆಟ್ಟಿಗೆಯಲ್ಲಿ ಈ ಅನುಕೂಲವಿಲ್ಲ. ನಾಲ್ಕನೆಯ ತರಗತಿಯ ಪೆಟ್ಟಿಗೆಯೆಂದರೆ ಎಲ್ಲವೂ ನಾಲ್ಕನೆಯದೇ, ಮತ್ತು ಹಲವು ಪೆಟ್ಟಿಗೆಗಳಲ್ಲಿ ಕನ್ನಡವೇ ಇರುವುದಿಲ್ಲ.

ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಅದರ ಜಾಲತಾಣದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಹೈಸ್ಕೂಲಿನಲ್ಲಿ ಕನ್ನಡ ಪ್ರಥಮ ಭಾಷೆಯಾದರೆ ‘ಸಿರಿ ಕನ್ನಡ’, ದ್ವಿತೀಯವಾದರೆ ‘ತಿಳಿ ಕನ್ನಡ’. ಹಿರಿಯಳಿಗೆ ಎರಡನ್ನೂ ಓದಲು ಕೊಟ್ಟು ನೋಡಿ, ಯಾವುದು ಎಂದು ಅವಳೇ ಹೇಳುತ್ತಾಳೆ. ಕಥೆ ಪುಸ್ತಕಕ್ಕೆ ಹಂಪಿನಗರದ ಸಾರ್ವಜನಿಕ ಗ್ರಂಥಾಲಯ ನಿಮಗೆ ದೂರವೇನಲ್ಲ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳನ್ನು ಓದುವ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿಟ್ಟಿದ್ದಾರೆ.

ಉಳಿದ ವಿಜ್ಞಾನ, ಪರಿಸರ, ಚರಿತ್ರೆಯನ್ನು ಮೂವರಿಗೂ ಒಟ್ಟಿಗೆ ಹೇಳಿ. ವಿಷಯ ಒಂದೇ ಇರಲಿ, ಕೆಲಸ ಬೇರೆಯಿರಲಿ. ಕೆಂಗೇರಿ ದಾಟಿ ಕೇತೋಹಳ್ಳಿಯ ದೊಡ್ಡ ಆಲದ ಮರಕ್ಕೆ ಒಂದು ಬೆಳಿಗ್ಗೆ ಹೋಗಿ ಬನ್ನಿ. (ತಿಂಡಿಯ ಪೊಟ್ಟಣ ಚೀಲದೊಳಗಿರಲಿ, ಕೋತಿಗಳಿವೆ.) ಕಿರಿಯಳು ಬಿಳಲುಗಳನ್ನು ಹತ್ತು ಹತ್ತಾಗಿ ಎಣಿಸಿ ಚಿತ್ರ ಬರೆಯಲಿ. ನಡುವಿನವನು ಹಗ್ಗ ಹಿಡಿದು ಹತ್ತು ಬಿಳಲುಕಂಬಗಳ ಸುತ್ತಳತೆ ತೆಗೆದು ಪಟ್ಟಿ ಮಾಡಲಿ. ಹಿರಿಯಳಿಗೆ ಲೆಕ್ಕ: ಮರ ಹರಡಿರುವುದು ಸುಮಾರು 3 ಎಕರೆ, ಎಕರೆಗೆ 43,560 ಚದರ ಅಡಿ. ಬೆಂಗಳೂರಿನವರಿಗೆ ಚಿರಪರಿಚಿತವಾದ 30-40ರ ಸೈಟು ಅದರಲ್ಲಿ ಎಷ್ಟು? ಹತ್ತಿರ ಹತ್ತಿರ 109 ಬರುತ್ತದೆ. ಮೂಲ ಕಾಂಡ 2000ದ ಸುಮಾರಿಗೆ ರೋಗದಿಂದ ಹೋದ ಮೇಲೂ ಮರ ಹೇಗೆ ಬದುಕಿದೆ ಎಂಬ ಪ್ರಶ್ನೆಯನ್ನು ಮೂವರಿಗೂ ಕೇಳಿ. ಉತ್ತರಗಳು ಮೂರು ಎತ್ತರದಲ್ಲಿ ಬರುತ್ತವೆ. ಅವನ್ನು ಬರೆದಿಡುವುದಕ್ಕೆ ಇನ್ನೂ ಎರಡು ದಿನ ಹಿಡಿಯುತ್ತದೆ, ಹಿಡಿಯಲಿ.

ದೊಡ್ಡವರು ಚಿಕ್ಕವರಿಗೆ ಹೇಳಿಕೊಡುವುದು ನಮ್ಮ ಕೂಲಿಮಠಗಳ ಕಾಲದಿಂದ ಬಂದದ್ದು. ಮದರಾಸಿನಲ್ಲಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಈ ಪದ್ಧತಿಯನ್ನು ಇಂಗ್ಲೆಂಡಿಗೆ ಹೊತ್ತೊಯ್ದು 1797ರಲ್ಲಿ ಪುಸ್ತಕವನ್ನೇ ಬರೆದ. ಆದರೆ ಹಿರಿಯಳನ್ನು ಸಂಬಳವಿಲ್ಲದ ಮೇಡಂ ಮಾಡಿಬಿಡಬೇಡಿ. ದಿನಕ್ಕೆ ಅರ್ಧ ಗಂಟೆ ತಂಗಿಯ ಓದು ಕೇಳಿದರೆ ಸಾಕು, ಅವಳ ಮುಂದೆ ಅವಳದೇ ಪರೀಕ್ಷೆಯಿದೆ.

ಆರರ ಮಗುವಿಗೆ ಈ ವರ್ಷ ಏನನ್ನೂ ಕೊಳ್ಳುವ ಅಗತ್ಯವಿಲ್ಲ. ಸ್ಲೇಟು, ಹುಣಸೆಬೀಜ, ದಿನಾ ಗಟ್ಟಿಯಾಗಿ ಓದಿ ಹೇಳುವ ಕಥೆ, ಇಷ್ಟಿದ್ದರೆ ಆಯಿತು.

‘ಎರಡು ವರ್ಷದ ನಂತರ ನಮ್ಮಿಂದ ಆಗದೆ ಹೋದರೆ?’ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಅದೇ ಶಿಕ್ಷಣ ಹಕ್ಕು ಕಾಯ್ದೆಯ ನಾಲ್ಕನೆಯ ಸೆಕ್ಷನ್ ನೋಡಿ. ಶಾಲೆ ತಪ್ಪಿದ, ಆರು ದಾಟಿದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಹಿಂದುಳಿದಿದ್ದರೆ ವಿಶೇಷ ತರಬೇತಿ ಪಡೆಯುವ ಹಕ್ಕು ಮಗುವಿಗಿದೆ ಎನ್ನುತ್ತದೆ ಅದು. ಹಿರಿಯಳು 14 ದಾಟುವವಳಾದ್ದರಿಂದ ಅವಳಿಗೆ ಮೇಲೆ ಹೇಳಿದ ಎರಡು ದಾರಿಗಳೇ. ಕಿರಿಯರಿಬ್ಬರಿಗೆ ಈ ಬಾಗಿಲು ತೆರೆದೇ ಇರುತ್ತದೆ. ಜನನ ಪ್ರಮಾಣಪತ್ರ, ಹಿಂದಿನ ಶಾಲೆಯ ಟಿಸಿ, ಮಕ್ಕಳು ತಾರೀಕು ಹಾಕಿ ಬರೆದ ನೋಟ್‌ಬುಕ್ಕುಗಳು, ಇವನ್ನು ಒಂದು ಫೈಲಿನಲ್ಲಿ ಜೋಪಾನವಾಗಿಡಿ.