ವಾಹನದ ನೆತ್ತಿಯ ಆಂಟೆನಾ, ಗುಡ್ಡದ ನೆತ್ತಿಯ ಟವರು

ಗುಂಡ್ಯದಲ್ಲಿ ರಾಷ್ಟ್ರೀಯ ಹೆದ್ದಾರಿ 75ರಿಂದ ಸುಬ್ರಹ್ಮಣ್ಯದ ರಸ್ತೆ ಕವಲೊಡೆಯುತ್ತದೆ. ಶಿರಾಡಿ ಘಾಟಿಯನ್ನು ಇಳಿದು ಬಂದ ವಾಹನಗಳು ಇಲ್ಲಿ ಚಹಾಕ್ಕೆಂದು ನಿಲ್ಲುವುದು ಹಿಂದಿನಿಂದಲೂ ಇದ್ದದ್ದೇ. ಈಗೀಗ ಅವುಗಳ ನಡುವೆ ಅಪರೂಪಕ್ಕೊಮ್ಮೆ ಹೊಸ ಬಗೆಯ ವಾಹನವೂ ಕಾಣಸಿಗುತ್ತದೆ. ಒಳಗೆ ಹಾಸಿಗೆ, ಒಲೆ, ಶೌಚಗೃಹ. ನೆತ್ತಿಯ ಮೇಲೆ ಸೌರಫಲಕ, ಅದರ ಪಕ್ಕದಲ್ಲಿ ಬೋಗುಣಿ ಕವುಚಿಟ್ಟಂಥ ಒಂದು ಆಂಟೆನಾ. ಇದು ಕ್ಯಾರವಾನ್. ರಾಜ್ಯ ಸರಕಾರದ 2020-26ರ ಪ್ರವಾಸೋದ್ಯಮ ನೀತಿಯಲ್ಲಿ ಇದಕ್ಕೂ ಸ್ಥಾನ ದೊರೆಯಿತು. ಇದರಲ್ಲಿ ಸಂಚರಿಸುವವರಿಗೆ ಪ್ರವಾಸವೂ ಆಗಬೇಕು, ಕಚೇರಿಯ ಕೆಲಸವೂ ನಡೆಯಬೇಕು. ಆದ್ದರಿಂದ ಯಾವ ರೌಟರ್ ಕೊಳ್ಳಬೇಕು, ಯಾವ ಆಂಟೆನಾ ಕೂರಿಸಬೇಕು ಎಂಬುದು ಅವರ ಪಾಲಿಗೆ ದೊಡ್ಡ ಪ್ರಶ್ನೆ.

ಅವರು ಏನನ್ನಾದರೂ ಕೊಳ್ಳಲಿ, ನಮಗೇನು ಎಂದು ಸುಮ್ಮನಿರಬಹುದಿತ್ತು. ಆದರೆ ಆ ಪ್ರಶ್ನೆ ಕೊನೆಗೆ ಬಂದು ನಿಲ್ಲುವುದು ನಮ್ಮ ಗುಡ್ಡಗಳ ಮೇಲೆ. ಎಷ್ಟು ದುಬಾರಿಯ ಆಂಟೆನಾ ಹಾಕಿದರೂ ಘಾಟಿಯಲ್ಲಿ ಅಂತರ್ಜಾಲ ಕಡಿದುಹೋಗುತ್ತದೆ. ಆದ್ದರಿಂದ ಗುಡ್ಡಗುಡ್ಡಕ್ಕೂ ಟವರು ಬೇಕು. ಅದಕ್ಕೆ ಅಡ್ಡಿಯಾಗಿರುವವರು ಕಾಡು ಕಾಡು ಎಂದು ಕೂಗುವ ಪರಿಸರವಾದಿಗಳು. ಈ ಮಾತನ್ನು ಬಸ್ಸಿನಲ್ಲಿ, ಚಹಾದಂಗಡಿಯಲ್ಲಿ, ನಮ್ಮದೇ ಊರಿನ ಸಭೆಗಳಲ್ಲಿಯೂ ಕೇಳುತ್ತಿದ್ದೇವೆ. ಇದಕ್ಕೆ ಉತ್ತರ ಕೊಡುವ ಮೊದಲು ಆಂಟೆನಾ ಎಂದರೇನೆಂದು ನಾವೇ ತಿಳಿದುಕೊಳ್ಳುವುದು ಒಳ್ಳೆಯದು.

ಆಂಟೆನಾ ಸಿಗ್ನಲನ್ನು ಹುಟ್ಟಿಸುವುದಿಲ್ಲ, ಇದ್ದುದನ್ನು ಹೆಕ್ಕುತ್ತದೆ. ದೂರದರ್ಶನದ ಕಾಲದಲ್ಲಿ ಮಾಡಿನ ಮೇಲೆ ಹತ್ತಿದವನು ಕಂಬವನ್ನು ತಿರುಗಿಸುತ್ತ "ಬಂತಾ?" ಎಂದು ಕೇಳುತ್ತಿದ್ದುದು, ಒಳಗಿನಿಂದ "ಇನ್ನೂ ಸ್ವಲ್ಪ ಆಚೆ" ಎಂಬ ಉತ್ತರ ಬರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ವಿದ್ಯೆ ಈಗಲೂ ಅದೇ. ಒಂದು ದಿಕ್ಕಿಗೆ ಮುಖ ಮಾಡಿದ ಆಂಟೆನಾ ದೂರದ ಟವರನ್ನೂ ಹಿಡಿಯಬಲ್ಲದು. ಆದರೆ ತಿರುವಿಗೊಂದು ದಿಕ್ಕು ಹಿಡಿಯುವ ವಾಹನಕ್ಕೆ ಅದು ಒಗ್ಗದು. ಅಲ್ಲಿ ಸುತ್ತೆಲ್ಲ ಕಡೆಯಿಂದಲೂ ಗ್ರಹಿಸುವ ಆಂಟೆನಾವೇ ಬೇಕು. ಮಾರುವವರು ಡಿಬಿಐ ಎಂಬ ಅಂಕಿಯನ್ನು ತೋರಿಸಿ, ಹೆಚ್ಚಿದ್ದಷ್ಟೂ ಒಳ್ಳೆಯದೆನ್ನುತ್ತಾರೆ. ಬಯಲುಸೀಮೆಯಲ್ಲಿ ಅದು ನಿಜವಿರಬಹುದು. ಈ ಬಗೆಯ ಆಂಟೆನಾದಲ್ಲಿ ಆ ಅಂಕಿ ಏರಿದಂತೆ ಗ್ರಹಿಸುವ ವಲಯ ತಟ್ಟಿದ ರೊಟ್ಟಿಯಂತೆ ಚಪ್ಪಟೆಯಾಗುತ್ತದೆ. ದಿಗಂತದಿಂದ ಬಂದದ್ದು ಅದಕ್ಕೆ ಸಿಗುತ್ತದೆ. ತಲೆಯ ಮೇಲಿನ ಗುಡ್ಡದಿಂದಲೋ ಕಾಲ ಕೆಳಗಿನ ಕಣಿವೆಯಿಂದಲೋ ಬಂದದ್ದು ತಪ್ಪಿಹೋಗುತ್ತದೆ. ಘಾಟಿಯಲ್ಲಿ ಟವರು ಇರುವುದು ಮೇಲೋ ಕೆಳಗೋ. ಹೀಗಾಗಿ ಹೆಚ್ಚು ಹಣ ತೆತ್ತವನಿಗೆ ಇಲ್ಲಿ ಕಡಿಮೆ ದಕ್ಕುವುದೂ ಉಂಟು!

ತರಂಗಗಳ ಸ್ವಭಾವವೂ ಹಾಗೆಯೇ. 700, 850, 900 ಮೆಗಾಹರ್ಟ್ಸ್‌ನವು ಗುಡ್ಡದ ಅಂಚನ್ನು ತುಸು ಬಳಸಿ, ಮರಗಳ ನಡುವೆ ನುಸುಳಿ ಬರಬಲ್ಲವು. 2300, 3300 ಮೆಗಾಹರ್ಟ್ಸ್‌ನವು ವೇಗಶಾಲಿಗಳು, ಆದರೆ ಮಳೆಗೆ ತೊಯ್ದ ಎಲೆಗಳ ನಡುವೆ ಬೇಗ ಸೊರಗುತ್ತವೆ. ಆದ್ದರಿಂದ ಮಲೆಯ ಸೀಮೆಗೆ ರೌಟರ್ ಆರಿಸುವವರು ಡಬ್ಬಿಯ ಮೇಲಿನ ವೇಗದ ಅಂಕಿಗೆ ಮರುಳಾಗದೆ, ಒಳಗಿನ ಪಟ್ಟಿಯಲ್ಲಿ 5, 8, 28 ಎಂಬ ಬ್ಯಾಂಡ್‌ಗಳು ಇವೆಯೇ ಎಂದು ನೋಡಬೇಕು. ಆಂಟೆನಾದಿಂದ ರೌಟರಿಗೆ ಬರುವ ತಂತಿ ಉದ್ದವೂ ತೆಳುವೂ ಆಗಿದ್ದರೆ ಮೇಲೆ ಹೆಕ್ಕಿದ್ದು ದಾರಿಯಲ್ಲಿಯೇ ಸೋರಿಹೋಗುತ್ತದೆ. ಇನ್ನು ‘ಬೂಸ್ಟರ್’ ಎಂದು ಮಾರಾಟವಾಗುವ ರಿಪೀಟರನ್ನು ಅನುಮತಿಯಿಲ್ಲದೆ ಬಳಸುವುದು ನಮ್ಮ ದೇಶದಲ್ಲಿ ಅಪರಾಧ. ಅದು ಟವರಿಗೆ ಗದ್ದಲವನ್ನು ತುಂಬಿ ಸುತ್ತಲಿನ ಮನೆಗಳ ಕರೆಯನ್ನೂ ಕೆಡಿಸುತ್ತದೆ.

ಇಷ್ಟೆಲ್ಲ ತಿಳಿದು ಆರಿಸಿದರೂ, ಗುಡ್ಡವು ಪೂರ್ತಿ ಮರೆ ಮಾಡಿದ ತಿರುವಿನಲ್ಲಿ ಹೆಕ್ಕಲು ಏನೂ ಇರುವುದಿಲ್ಲ. ಉಪಗ್ರಹದ ಅಂತರ್ಜಾಲ ಬರುತ್ತದಲ್ಲ ಎನ್ನುವವರಿದ್ದಾರೆ. 2025ರ ಜೂನ್‌ನಲ್ಲಿ ಸ್ಟಾರ್‌ಲಿಂಕ್ ಸಂಸ್ಥೆಗೆ ಕೇಂದ್ರ ಸರಕಾರದ ಪರವಾನಿಗೆ ದೊರೆತದ್ದೂ ಹೌದು. ಆದರೆ ಅದಕ್ಕೆ ತೆರೆದ ಆಕಾಶ ಬೇಕು. ಹೆಮ್ಮರಗಳು ಮುಚ್ಚಿದ ದಾರಿಯಲ್ಲಿ ಆಕಾಶವನ್ನು ಎಲ್ಲಿಂದ ತರುವುದು? ಮರ ಕಡಿದು ತರೋಣವೇ?

ಗುಂಡ್ಯದಿಂದ ಸುಬ್ರಹ್ಮಣ್ಯದ ದಾರಿ ಹಿಡಿದು ಇನ್ನೂ ಮುಂದೆ ಹೋದರೆ ಸುಳ್ಯ ತಾಲೂಕಿನ ಗುತ್ತಿಗಾರು. 2021ರ ಜೂನ್ ತಿಂಗಳಿನಲ್ಲಿ ಅಲ್ಲಿಯ ಬಳ್ಳಕದ ಒಂದು ಛಾಯಾಚಿತ್ರ ದೇಶವನ್ನೆಲ್ಲ ಸುತ್ತಿತು. ಸುರಿಯುವ ಮಳೆಯಲ್ಲಿ ರಸ್ತೆಯ ಬದಿಗೆ ಕುಳಿತು ಹುಡುಗಿಯೊಬ್ಬಳು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಾಳೆ; ತಂದೆ ಪಕ್ಕದಲ್ಲಿ ನಿಂತು ಕೊಡೆ ಹಿಡಿದಿದ್ದಾರೆ. ಮನೆಯಲ್ಲಿ ಸಿಗ್ನಲ್ ಇರಲಿಲ್ಲ, ರಸ್ತೆಯಲ್ಲಿ ಇತ್ತು. ಘಾಟಿಯಲ್ಲಿ ಅಂತರ್ಜಾಲ ಬೇಕೆಂದು ವಾದಿಸುವವರು ಮೊದಲು ಈ ಚಿತ್ರವನ್ನು ಎದುರಿಗಿಟ್ಟುಕೊಳ್ಳಲಿ. ಕ್ಯಾರವಾನ್ ಒಂದು ಗಂಟೆಯಲ್ಲಿ ಘಾಟಿ ದಾಟಿ ಹೋಗುತ್ತದೆ. ಆ ಒಂದು ಗಂಟೆ ಅದರೊಳಗಿನವರು ಮಾತಿಲ್ಲದೆ ಕಿಟಕಿಯಿಂದ ಹೊರಗೆ ನೋಡಿದರೆ ನಷ್ಟವೇನು? ಹುಡುಗಿಗೆ ಹಾಗೆ ಹೇಳುವಂತಿಲ್ಲ.

ಅಷ್ಟಕ್ಕೂ ಆಂಟೆನಾ ಚೆನ್ನಾಗಿ ದುಡಿಯುವುದು ನಿಂತ ಕಟ್ಟಡದ ಮೇಲೆ. ಶಾಲೆಯ ಅಥವಾ ಪಂಚಾಯತಿ ಗ್ರಂಥಾಲಯದ ಮಾಡಿನ ಮೇಲೆ ಕಬ್ಬಿಣದ ಕೊಳವೆ ನೆಟ್ಟು, ಟವರಿನ ದಿಕ್ಕಿಗೆ ಎರಡು ಆಂಟೆನಾ ತಿರುಗಿಸಿ, ದಪ್ಪ ತಂತಿಯಿಂದ ರೌಟರಿಗೆ ಜೋಡಿಸಿದರೆ, ಅಂಗಳದಲ್ಲಿ ಮೊಬೈಲಿಗೆ ತುಸುವಾದರೂ ಸಿಗ್ನಲ್ ಸುಳಿಯುವ ಕಡೆ ಮಕ್ಕಳು ಒಳಗೆ ಕುಳಿತು ಓದುವಷ್ಟು ಅಂತರ್ಜಾಲ ದೊರೆಯುವ ಸಂಭವ ಹೆಚ್ಚು. ನಮ್ಮ ಸಿಡಿಲಿಗೆ ಭೂಸಂಪರ್ಕವನ್ನು ಮರೆಯಬಾರದು. ಇದಕ್ಕೆ ಒಂದು ಮರವೂ ಬೀಳಬೇಕಾಗಿಲ್ಲ.

ಏನೂ ಸುಳಿಯದ ಊರುಗಳಿಗೆ ಟವರು ಬೇಡವೆಂದು ನಾವು ಎಂದೂ ಹೇಳಿಲ್ಲ. ಅದನ್ನು ಎಲ್ಲಿ ನಿಲ್ಲಿಸುತ್ತೀರಿ ಎಂಬುದೇ ನಮ್ಮ ಪ್ರಶ್ನೆ. ಕಾಡಿನ ಗುಡ್ಡದ ತುದಿಗೆ ಟವರು ಒಂಟಿಯಾಗಿ ಹತ್ತುವುದಿಲ್ಲ. ಅದರ ಹಿಂದೆ ಜೆಸಿಬಿ ಹೋಗುವ ರಸ್ತೆ, ವಿದ್ಯುತ್ ಕಂಬಗಳ ಸಾಲು, ಜನರೇಟರಿಗೆ ಡೀಸೆಲ್ ಎಲ್ಲವೂ ಹತ್ತುತ್ತವೆ. ಇಳಿಜಾರನ್ನು ಕತ್ತರಿಸಿದರೆ ಏನಾಗುತ್ತದೆಂದು 2018ರ ಆಗಸ್ಟ್‌ನಲ್ಲಿಯೂ 2024ರ ಜುಲೈಯಲ್ಲಿಯೂ ಕುಸಿದು ಮುಚ್ಚಿಹೋದ ಶಿರಾಡಿಯ ಹೆದ್ದಾರಿಯೇ ತೋರಿಸಿದೆ. ಊರಿನ ನಡುವೆ, ಇರುವ ರಸ್ತೆಯ ಬದಿಯಲ್ಲಿ ಟವರು ನಿಲ್ಲಲಿ. ಮೂರು ಕಂಪನಿಗೆ ಮೂರು ಟವರೂ ಬೇಕಿಲ್ಲ: ಸರಕಾರದ ನಿಧಿಯಿಂದ ಕಟ್ಟಿದ ಟವರುಗಳಲ್ಲಿ ಯಾವ ಕಂಪನಿಯ ಗ್ರಾಹಕನಾದರೂ ಸಂಪರ್ಕ ಪಡೆಯುವ ವ್ಯವಸ್ಥೆಗೆ 2025ರ ಜನವರಿಯಲ್ಲಿ ಕೇಂದ್ರವೇ ಚಾಲನೆ ಕೊಟ್ಟಿದೆ.

ಕಾನೂನು ಅಡ್ಡವಿದೆ ಎಂಬ ಮಾತೂ ಪೂರ್ಣ ಸತ್ಯವಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ 3(2)ನೆಯ ಕಲಮು, ಶಾಲೆ, ಅಂಗನವಾಡಿಗಳ ಜೊತೆಗೆ ವಿದ್ಯುತ್ ಹಾಗೂ ದೂರಸಂಪರ್ಕ ತಂತಿಗಳಿಗೂ ಅರಣ್ಯಭೂಮಿ ಬಿಟ್ಟುಕೊಡಲು ಅವಕಾಶ ಕೊಡುತ್ತದೆ. ಪ್ರತಿ ಕಾಮಗಾರಿಗೂ ಭೂಮಿ 1 ಹೆಕ್ಟೇರಿಗಿಂತ ಕಡಿಮೆಯಿರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಬೇಕು. ಅಂದರೆ ಕಾಡಂಚಿನ ಹಳ್ಳಿಗೆ ಕೇಬಲ್ ಎಳೆಯುವ ದಾರಿ ಎಂದೋ ತೆರೆದಿದೆ. ಆ ದಾರಿಯಲ್ಲಿ ನಡೆಯದೆ ನಮ್ಮತ್ತ ಬೆರಳು ತೋರಿಸುವುದೇಕೆ? ಗುಂಡ್ಯ ಜಲವಿದ್ಯುತ್ ಯೋಜನೆಯ ಕಾಲದಲ್ಲಿಯೂ ಇದೇ ರಾಗವಿತ್ತು: ನಾಡಿಗೆ ಬೆಳಕು ಬೇಕು, ನೀವು ಕತ್ತಲೆಯ ಪಕ್ಷದವರು ಎಂದರು. ಆ ಯೋಜನೆ ಬೇಡವೆಂದು 2011ರಲ್ಲಿ ಗಾಡ್ಗೀಳ್ ಸಮಿತಿಯೇ ಹೇಳಿತು.

ಎದುರು ಪಕ್ಷದ ಒಂದು ಮಾತನ್ನು ಮಾತ್ರ ನಾವು ಒಪ್ಪುತ್ತೇವೆ. ಘಾಟಿಯಲ್ಲಿ ಲಾರಿ ಮಗುಚಿದಾಗ, ಗುಡ್ಡ ಜರಿದಾಗ ಕರೆ ಹೋಗಲೇಬೇಕು. 112ಕ್ಕೆ ಮಾಡಿದ ಕರೆಯನ್ನು ಯಾವ ಕಂಪನಿಯ ಟವರಾದರೂ ಸ್ವೀಕರಿಸುತ್ತದೆ. ಅದೂ ತಲುಪದ ತಿರುವುಗಳಲ್ಲಿ ಹೆದ್ದಾರಿಯವರೇ ರಸ್ತೆಬದಿಯಲ್ಲಿ ತುರ್ತು ಕರೆಯ ಪೆಟ್ಟಿಗೆಗಳನ್ನು ನಿಲ್ಲಿಸಲಿ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆ. ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್‌ನ ಸ್ಥಿತಿ ತೋರಿಸುವ ಪುಟದಲ್ಲಿ ಡಿಬಿಎಂ ಎಂಬ ಋಣಸಂಖ್ಯೆಯೊಂದಿರುತ್ತದೆ. 4ಜಿಯಲ್ಲಿ ಅದು −90ರ ಆಸುಪಾಸಿದ್ದರೆ ಒಳ್ಳೆಯದು, −110 ದಾಟಿ ಕೆಳಗಿಳಿದರೆ ಕಷ್ಟ. ನಿಮ್ಮ ಶಾಲೆ, ಅಂಗನವಾಡಿ, ಗ್ರಂಥಾಲಯ, ಪಡಿತರ ಅಂಗಡಿಗಳ ಎದುರು ನಿಂತು, ಸಿಗುವ ಎಲ್ಲ ಕಂಪನಿಗಳ ಸಿಮ್‌ಗಳಲ್ಲಿ, ಬಿಸಿಲಿನ ದಿನ ಒಮ್ಮೆ, ಮಳೆಯ ದಿನ ಒಮ್ಮೆ, ಕರೆಂಟು ಹೋದ ಮೇಲೆ ಇನ್ನೊಮ್ಮೆ ಆ ಸಂಖ್ಯೆಯನ್ನು ಬರೆದಿಡಿ. ಆ ಹಾಳೆಯನ್ನು ಮುಂದಿನ ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಿಸುವಂತೆ ಒತ್ತಾಯಿಸಿ, ಒಂದು ಪ್ರತಿಯನ್ನು ನಮಗೂ ಕಳುಹಿಸಿಕೊಡಿ.