ನೆರವು ಪಡೆದವರಿಗೂ ಉತ್ತರ ಸಲ್ಲಬೇಕು

1994ರ ಜುಲೈಯಲ್ಲಿ ರುವಾಂಡದಿಂದ ಜೈರ್ ದೇಶದ ಗೋಮಾಕ್ಕೆ ಓಡಿಬಂದ ನಿರಾಶ್ರಿತರಲ್ಲಿ ಸಹಸ್ರಾರು ಮಂದಿ ಕಾಲರಾಕ್ಕೆ ಬಲಿಯಾದರು. ನೆರವಿನ ಸಂಸ್ಥೆಗಳು ಧಾವಿಸಿದ್ದವು ನಿಜ. ಆದರೆ ಆಹಾರ ಹಂಚಿಕೆಯ ಹಿಡಿತವು ನರಮೇಧ ನಡೆಸಿದ ಮುಖಂಡರ ಕೈಸೇರಿತ್ತು. 1996ರಲ್ಲಿ ಪ್ರಕಟವಾದ ಜಂಟಿ ಮೌಲ್ಯಮಾಪನ ವರದಿಯು ಅಂದಿನ ಲೋಪಗಳನ್ನು ಬಯಲಿಗೆಳೆಯಿತು.

ಅನಂತರ 1997ರಲ್ಲಿ ಆರಂಭವಾದ 'ಸ್ಫಿಯರ್' ಯೋಜನೆಯು ನೆರವಿಗೆ ಕನಿಷ್ಠ ಮಟ್ಟಗಳನ್ನು ಗೊತ್ತುಪಡಿಸಿತು: ಉದಾಹರಣೆಗೆ, ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು. 2014ರಲ್ಲಿ ಸಂಸ್ಥೆಗಳು ರೂಪಿಸಿಕೊಂಡ ಸಮಾನ ಮಾನದಂಡವು, ಸಂತ್ರಸ್ತರ ದೂರುಗಳನ್ನು ಸ್ವಾಗತಿಸಿ ಪರಿಹರಿಸುವುದೂ ಸಂಸ್ಥೆಯ ಕರ್ತವ್ಯವೆಂದು ಸಾರಿತು.

ಆದರೆ ಶಿಬಿರದಲ್ಲಿ ದೂರಿನ ಪೆಟ್ಟಿಗೆಯನ್ನು ತೂಗುಹಾಕಿದ ಮಾತ್ರಕ್ಕೆ ಹೊಣೆಗಾರಿಕೆ ಮೂಡದು. ಅಕ್ಷರ ಬಾರದ ವಿಧವೆಯ ಅಹವಾಲನ್ನು ಯಾರು, ಯಾವ ಭಾಷೆಯಲ್ಲಿ ಕೇಳುವರು? ಅಕ್ಕಿ ಹಂಚುವವನ ಮೇಲಿನ ದೂರು ಅವನ ಕೈಗೇ ಹೋಗದಂತೆ ತಡೆಯುವುದೆಂತು? ಉತ್ತರಕ್ಕೆ ಗಡುವೆಷ್ಟು, ಈ ಕೆಲಸಕ್ಕೆ ಮೀಸಲಿಟ್ಟ ಹಣವೆಷ್ಟು? ಇವೆಲ್ಲ ಮೊದಲ ಮೂಟೆ ಇಳಿಯುವ ಮುನ್ನವೇ ಯೋಜನೆಯಲ್ಲಿ ಬರೆದಿರಬೇಕು. ಹಸಿದವನು ಅನ್ನದಾತನ ವಿರುದ್ಧ ಸುಲಭವಾಗಿ ಬಾಯಿ ತೆರೆಯನು.

ದಾನಿಗಳಿಗೆ ವರ್ಷಾಂತ್ಯದಲ್ಲಿ ಲೆಕ್ಕಪತ್ರ ಬರುತ್ತದೆ. ಪಡೆದವರಿಗೆ ಏನು ಬರುತ್ತದೆ? ತಪಸ್ಸುಕಾಲದಲ್ಲಿ ಕಾಣಿಕೆ ನೀಡುವ ನಾವು ಈ ಪ್ರಶ್ನೆಯನ್ನೂ ಕೇಳೋಣ. ಕೇಳುವುದು ಅಪನಂಬಿಕೆಯಲ್ಲ, ಅದೂ ದಾನದ ಒಂದು ಭಾಗವೇ.